ಹಲವು ಪ್ಲಾಟ್‌ಫಾರಂಗಳ ತಂಡಕ್ಕೆ ಒಂದೇ ಕಾನ್ಫಿಗರೇಶನ್ ವ್ಯವಸ್ಥೆ

ಹಾಸನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಾಗೂ ಸಾಫ್ಟ್‌ವೇರ್ ಉದ್ಯೋಗಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಸಾಫ್ಟ್‌ವೇರಿನ ಎಲ್ಲ ಭಾಗಗಳ ಆವೃತ್ತಿ, ಬದಲಾವಣೆಗಳ ಲೆಕ್ಕವಿಡುವ ಕಾನ್ಫಿಗರೇಶನ್ ವ್ಯವಸ್ಥೆಯ ಬಗ್ಗೆ ಒಂದು ಉದಾಹರಣೆಯಿಂದ ಆರಂಭಿಸುತ್ತೇನೆ. ಮಾತು ಮುಗಿಯುವವರೆಗೂ ಮತ್ತೆ ಮತ್ತೆ ಅದಕ್ಕೇ ಮರಳುತ್ತೇನೆ. ನಮ್ಮ ಜಿಲ್ಲೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಬೆಳೆಗಾರರ ಕಾಫಿಯ ಸಿಪ್ಪೆ ತೆಗೆದು ಹದಗೊಳಿಸುವ ಕಾರ್ಖಾನೆಗೆ, ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯೊಂದು ಇದೇ ಊರಿನಲ್ಲಿದೆ ಎಂದು ಭಾವಿಸಿಕೊಳ್ಳಿ. ಗೇಟಿನ ಬಳಿಯ ವೇಬ್ರಿಡ್ಜ್ ಕೋಣೆಯಲ್ಲಿ ವಿಂಡೋಸ್ ಕಂಪ್ಯೂಟರ್ ಇದೆ. ಲಾರಿಯ ತೂಕವನ್ನೂ ಲಾಟಿನ ವಿವರವನ್ನೂ ಅಲ್ಲಿ ದಾಖಲಿಸುತ್ತಾರೆ. ಚೀಲದಿಂದ ಸ್ಯಾಂಪಲ್ ತೆಗೆದು ತೇವಾಂಶ ಅಳೆಯುವ ಯಂತ್ರವೊಂದಿದೆ. ಅದರೊಳಗೆ ಸಿ ಭಾಷೆಯಲ್ಲಿ ಬರೆದ ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಇರುವ ಪ್ರೋಗ್ರಾಂ, ಕೆಲಸ ಮಾಡುತ್ತದೆ. ಐವತ್ತು ಕಿಲೋ ಚೆರಿ (ಒಣಗಿಸಿದ ಇಡೀ ಹಣ್ಣು) ಚೀಲಕ್ಕೆ ಎಷ್ಟು ಕಿಲೋ ಕ್ಲೀನ್ ಕಾಫಿ ಬಂತು ಎಂಬ ಔಟ್‌ಟರ್ನ್ ಲೆಕ್ಕ, ತೇವಾಂಶಕ್ಕೆ ತಕ್ಕ ಕಡಿತ, ಕೊನೆಗೆ ಬೆಳೆಗಾರರಿಗೆ ಸಲ್ಲಬೇಕಾದ ಮೊತ್ತ, ಇವೆಲ್ಲ ಲಿನಕ್ಸ್ ಸರ್ವರಿನಲ್ಲಿ ನಡೆಯುತ್ತವೆ. ಬೆಳೆಗಾರರೋ ಅವರ ತೋಟದ ರೈಟರೋ ಅದನ್ನು ಆಂಡ್ರಾಯ್ಡ್ ಅಥವಾ ಐಫೋನ್ ಆ್ಯಪ್‌ನಲ್ಲಿ ನೋಡುತ್ತಾರೆ. ಉತ್ಪನ್ನ ಒಂದೇ, ಆದರೆ ಅದು ನಿಂತಿರುವುದು ಐದು ಪ್ಲಾಟ್‌ಫಾರಂಗಳ ಮೇಲೆ.

ಈಗ ಒಂದು ಸಣ್ಣ ಬದಲಾವಣೆಯನ್ನು ಊಹಿಸೋಣ. ಇಲ್ಲಿಯವರೆಗೆ ಯಂತ್ರವು ತೇವಾಂಶವನ್ನು ಪೂರ್ಣಾಂಕವಾಗಿ ಕಳಿಸುತ್ತಿತ್ತು: 11 ಎಂದರೆ ಶೇಕಡಾ 11. ದಶಾಂಶವೂ ಬೇಕೆಂದು ಕ್ಯೂರಿಂಗ್ ವರ್ಕ್ಸ್‌ನವರು ಕೇಳಿದರು. ಫರ್ಮ್‌ವೇರ್ ಬರೆಯುವವರು ಹತ್ತರಿಂದ ಗುಣಿಸಿ ಕಳಿಸುವ ಸರಳ ದಾರಿ ಹಿಡಿದರು, 11.4 ಎಂಬುದು 114 ಆಗಿ ಹೊರಡುತ್ತದೆ. ಹಾಗಿದ್ದರೆ ವಿಂಡೋಸ್ ಪ್ರೋಗ್ರಾಂ ಅದನ್ನು ಹತ್ತರಿಂದ ಭಾಗಿಸಿ ಓದಬೇಕು, ಸರ್ವರಿನ ಕಡಿತದ ಸೂತ್ರ ದಶಾಂಶವನ್ನು ಒಪ್ಪಿಕೊಳ್ಳಬೇಕು, ಎರಡೂ ಆ್ಯಪ್‌ಗಳು ಅದನ್ನು ಸರಿಯಾಗಿ ತೋರಿಸಬೇಕು. ಯಾವ ಭಾಗದಲ್ಲೂ ಇದು ಕೆಲವೇ ಸಾಲುಗಳ ಕೆಲಸ. ಆದರೆ ಐದು ಕಡೆಯ ಈ ಸಾಲುಗಳು ಒಂದೇ ಬದಲಾವಣೆಗೆ ಸೇರಿದವು ಎಂಬ ದಾಖಲೆ ಎಲ್ಲಾದರೂ ಒಂದು ಕಡೆ ಇರಬೇಕಲ್ಲವೇ? ಅದು ಇಲ್ಲದಿದ್ದರೆ ಹೊಸ ಫರ್ಮ್‌ವೇರ್ ಇರುವ ಯಂತ್ರವನ್ನು ಹಳೆಯ ವಿಂಡೋಸ್ ಪ್ರೋಗ್ರಾಂಗೆ ಜೋಡಿಸಿದ ದಿನ ಪರದೆಯ ಮೇಲೆ ಶೇಕಡಾ 114 ತೇವಾಂಶ ಕಾಣಿಸುತ್ತದೆ. ಅದಾದರೂ ಕಣ್ಣಿಗೆ ಬೀಳುವ ತಪ್ಪು. ಹಳೆಯ ಫರ್ಮ್‌ವೇರ್ ಕಳಿಸಿದ 11ನ್ನು ಹೊಸ ಪ್ರೋಗ್ರಾಂ ಶೇಕಡಾ 1.1 ಎಂದು ಓದಿದರೆ ಕಡಿತವೇ ಆಗುವುದಿಲ್ಲ; ಯಾರೂ ದೂರುವುದಿಲ್ಲ, ನಷ್ಟ ಸದ್ದಿಲ್ಲದೆ ಬೆಳೆಯುತ್ತ ಹೋಗುತ್ತದೆ.

ಕೊಯ್ಲೆಲ್ಲ ಮುಗಿದ ಮೇಲೆ ಒಬ್ಬ ಬೆಳೆಗಾರರು ಬಂದು, ಫೆಬ್ರುವರಿಯ ಆ ಲಾಟಿಗೆ ಇಷ್ಟು ಕಡಿತ ಹೇಗಾಯಿತು ಎಂದು ಕೇಳಿದರೆ, ಆ ದಿನ ಆ ಗೇಟಿನಲ್ಲಿ ಯಾವ ಫರ್ಮ್‌ವೇರ್, ಯಾವ ವಿಂಡೋಸ್ ಪ್ರೋಗ್ರಾಂ, ಸರ್ವರಿನ ಯಾವ ಸೂತ್ರ ಒಟ್ಟಿಗೆ ನಡೆಯುತ್ತಿದ್ದವು ಎಂಬುದಕ್ಕೆ ಒಂದೇ ಉತ್ತರ ಸಿಗಬೇಕು. ಆ ಉತ್ತರದಿಂದ ಅದೇ ಪ್ರೋಗ್ರಾಂಗಳನ್ನು ಮತ್ತೆ ಕಟ್ಟಿ, ಅದೇ ಲೆಕ್ಕವನ್ನು ಅವರ ಕಣ್ಣೆದುರಿಗೇ ಮಾಡಿ ತೋರಿಸಲು ಬರಬೇಕು. ಎಲ್ಲ ಪ್ಲಾಟ್‌ಫಾರಂಗಳ ತಂಡಗಳೂ ಒಂದೇ ಕಾನ್ಫಿಗರೇಶನ್ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ಇದು. ಲೈಸೆನ್ಸಿನ ಉಳಿತಾಯ, ತರಬೇತಿಯ ಉಳಿತಾಯ ಮುಂತಾದವೂ ಉಂಟು. ಅವು ಆಮೇಲಿನ ಮಾತು.

ಕಾನ್ಫಿಗರೇಶನ್ ಮ್ಯಾನೇಜ್ಮೆಂಟ್ ಎಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಸರ್ವರುಗಳನ್ನು ಸಜ್ಜುಗೊಳಿಸುವ ಆನ್ಸಿಬಲ್, ಪಪೆಟ್ ನೆನಪಾಗಬಹುದು. ನಾನು ಹೇಳುತ್ತಿರುವುದು ಅದಕ್ಕಿಂತ ಹಳೆಯದಾದ, ಅದಕ್ಕಿಂತ ಅಗಲವಾದ ಶಿಸ್ತು. 1983ರಲ್ಲಿ ಮೊದಲು ಹೊರಬಂದ ಎಂಜಿನಿಯರುಗಳ ಸಂಘವಾದ ಐಇಇಇಯ 828 ಎಂಬ ಮಾನದಂಡದ ಪರಂಪರೆಯಲ್ಲಿ ಇದಕ್ಕೆ ನಾಲ್ಕು ಕೆಲಸಗಳಿವೆ. ಉತ್ಪನ್ನದ ಭಾಗಗಳು ಯಾವುವು ಎಂದು ಗುರುತಿಸುವುದು, ಅವುಗಳ ಬದಲಾವಣೆಯನ್ನು ಹತೋಟಿಯಲ್ಲಿಡುವುದು, ಯಾವ ಭಾಗ ಈಗ ಯಾವ ಸ್ಥಿತಿಯಲ್ಲಿದೆ ಎಂದು ಲೆಕ್ಕವಿಡುವುದು, ಆ ಲೆಕ್ಕ ನಿಜಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸುವುದು. ಕಡತಗಳ ಪ್ರತಿ ಬದಲಾವಣೆಯ ಇತಿಹಾಸವನ್ನೂ ಉಳಿಸುವ, ಗಿಟ್‌ನಂಥ ವರ್ಷನ್ ಕಂಟ್ರೋಲ್ ಸಾಧನ ಈ ನಾಲ್ಕಕ್ಕೂ ಅಡಿಪಾಯ. ಆದರೆ ಅಡಿಪಾಯ ಹಾಕಿದ ಮಾತ್ರಕ್ಕೆ ನಾಲ್ಕೂ ಕೆಲಸ ಮುಗಿಯಲಿಲ್ಲ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. ಈ ಬಗೆಯ ಸಾಧನಗಳಲ್ಲಿ ಮೊದಲಿನದೆಂದು ಸಾಮಾನ್ಯವಾಗಿ ಹೆಸರಿಸುವುದು ಎಸ್‌ಸಿಸಿಎಸ್ ಅನ್ನು. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಅದನ್ನು ಐಬಿಎಂನ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿಗಾಗಿ ಸ್ನೋಬಾಲ್ ಭಾಷೆಯಲ್ಲಿ ಬರೆದರು. ಸ್ವಲ್ಪ ಸಮಯದಲ್ಲೇ ಅದನ್ನು ಸಿ ಭಾಷೆಯಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ಮತ್ತೆ ಬರೆಯಲಾಯಿತು. ಅಂದರೆ ಈ ಕ್ಷೇತ್ರದ ಮೊದಲ ಸಾಧನವೇ ಹುಟ್ಟಿದ ಬೆನ್ನಿಗೇ ಎರಡು ಪ್ಲಾಟ್‌ಫಾರಂಗಳಲ್ಲಿ ಕಾಲಿಟ್ಟಿತ್ತು. ಆಮೇಲಿನ ದಶಕಗಳಲ್ಲಿ ಆದದ್ದು ಇದಕ್ಕೆ ವಿರುದ್ಧ. ಯುನಿಕ್ಸ್‌ನವರು 1982ರ ಆರ್‌ಸಿಎಸ್, ಅದರ ಮೇಲೆ ಬೆಳೆದ ಸಿವಿಎಸ್ ಹಿಡಿದರು. ವಿಂಡೋಸ್‌ನವರಿಗೆ ಮೈಕ್ರೋಸಾಫ್ಟ್ 1994ರಲ್ಲಿ ಕೊಂಡುಕೊಂಡ ಸೋರ್ಸ್‌ಸೇಫ್ ಬಂತು. ಮೇನ್‌ಫ್ರೇಮಿನವರು ಎಂಡೆವರ್, ಚೇಂಜ್‌ಮ್ಯಾನ್ ಮುಂತಾದವುಗಳಲ್ಲಿ ನೆಲೆನಿಂತರು. ಪ್ರತಿ ಪ್ಲಾಟ್‌ಫಾರಂನವರೂ ತಮ್ಮ ಮನೆಗೆ ಹೊಂದುವ ಸಾಧನವನ್ನು ಆರಿಸಿಕೊಂಡರು. ಅವರವರ ಮಟ್ಟಿಗೆ ಅದು ಸರಿಯಾದ ಆಯ್ಕೆಯೇ ಆಗಿತ್ತು. ಈ ಆಯ್ಕೆಗಳ ನಡುವಿನ ಸಂದಿಯಲ್ಲಿ ಏನಾಗುತ್ತದೆ ಎಂದು ನೋಡಬೇಕಾದ ಹೊಣೆ ಮಾತ್ರ ಯಾರ ಪಾಲಿಗೂ ಬರಲಿಲ್ಲ.

ಹೀಗೆ ಮೂರು ವ್ಯವಸ್ಥೆಗಳಿದ್ದ ಒಂದು ದೊಡ್ಡ ಸಂಸ್ಥೆಯ ತಂಡದಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸ ಮಾಡಿದ್ದೇನೆ. ಖಾತೆಗಳ ಲೆಕ್ಕ ಮೇನ್‌ಫ್ರೇಮಿನಲ್ಲಿ ಕೋಬಾಲ್ ಭಾಷೆಯಲ್ಲಿತ್ತು, ನಡುವಿನ ಸೇವೆಗಳು ಯುನಿಕ್ಸ್‌ನಲ್ಲಿದ್ದವು, ಶಾಖೆಗಳ ಪರದೆಗಳು ವಿಂಡೋಸ್‌ನಲ್ಲಿದ್ದವು. ಮೂರಕ್ಕೂ ಮೂರು ರಿಪಾಸಿಟರಿ (ಕೋಡನ್ನೂ ಅದರ ಇತಿಹಾಸವನ್ನೂ ಇಡುವ ಉಗ್ರಾಣ), ಮೂರು ಬಗೆಯ ಆವೃತ್ತಿ ಸಂಖ್ಯೆ. ಇವನ್ನು ಬೆಸೆಯುತ್ತಿದ್ದದ್ದು ಒಂದು ಎಕ್ಸೆಲ್ ಶೀಟ್: ಈ ಬಿಡುಗಡೆಗೆ ಮೇನ್‌ಫ್ರೇಮಿನ ಇಂಥ ಪ್ಯಾಕೇಜು, ಯುನಿಕ್ಸ್‌ನ ಇಂಥ ಟ್ಯಾಗು, ವಿಂಡೋಸ್‌ನ ಇಂಥ ಲೇಬಲ್ಲು. ಅದನ್ನು ತುಂಬುತ್ತಿದ್ದವರು ಬಹಳ ಶ್ರದ್ಧೆಯವರು. ಆದರೂ ರಾತ್ರಿ ಹನ್ನೊಂದಕ್ಕೆ ಯುನಿಕ್ಸ್ ತಂಡ ತುರ್ತು ತಿದ್ದುಪಡಿ ಮಾಡಿ ಟ್ಯಾಗನ್ನು ಸರಿಸಿದರೆ ಆ ಶೀಟಿಗೆ ತಿಳಿಯುವ ದಾರಿಯೇ ಇರಲಿಲ್ಲ. ದಾಖಲೆಗೂ ಕೋಡಿಗೂ ನಡುವೆ ಮನುಷ್ಯರ ನೆನಪೊಂದೇ ಸೇತುವೆಯಾಗಿದ್ದಾಗ ಎಂಥ ಶ್ರದ್ಧೆಯೂ ಸಾಲುವುದಿಲ್ಲ ಎಂಬುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಆ ಹೊಣೆಯನ್ನು ವ್ಯಕ್ತಿಗಳ ಮೇಲೆ ಹೇರುವುದು ನ್ಯಾಯವೂ ಅಲ್ಲ.

ಎಲ್ಲಿ ಏನು ನಡೆಯುತ್ತಿದೆ ಎಂಬ ಲೆಕ್ಕ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ಸಾರ್ವಜನಿಕ ದಾಖಲೆಯಲ್ಲಿರುವ ಒಂದು ಪ್ರಕರಣವಿದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯ ಎಂಟು ಸರ್ವರುಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹೋಗಿತ್ತು. ಎಂಟನೆಯದರಲ್ಲಿ ವರ್ಷಗಳ ಹಿಂದೆಯೇ ಬಳಕೆ ನಿಂತಿದ್ದ ಹಳೆಯ ಕೋಡ್ ಉಳಿದಿತ್ತು; ಅದನ್ನು ಎಚ್ಚರಿಸುತ್ತಿದ್ದ ಗುರುತನ್ನೇ ಹೊಸ ಕೋಡ್ ಬೇರೆ ಉದ್ದೇಶಕ್ಕೆ ಬಳಸಿಕೊಂಡಿತ್ತು. ಮಾರುಕಟ್ಟೆ ತೆರೆದ 45 ನಿಮಿಷಗಳಲ್ಲಿ ಆ ಒಂದು ಸರ್ವರ್ ಲಕ್ಷಾಂತರ ತಪ್ಪು ಆರ್ಡರುಗಳನ್ನು ಕಳಿಸಿತು. ಅಂತಿಮ ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು. ಆ ಎಂಟೂ ಒಂದೇ ಬಗೆಯ ಕೆಲಸಕ್ಕಿದ್ದ ಸರ್ವರುಗಳು ಎಂಬುದನ್ನು ಗಮನಿಸಿ. ಒಂದೇ ಬಗೆಯ ಯಂತ್ರಗಳಲ್ಲೇ ಹೀಗಾದರೆ, ಯಾವುದೂ ಯಾವುದನ್ನೂ ಹೋಲದ ಐದು ಪ್ಲಾಟ್‌ಫಾರಂಗಳಲ್ಲಿ ಲೆಕ್ಕ ಇನ್ನೆಷ್ಟು ಬಿಗಿಯಾಗಿರಬೇಕು ಎಂಬುದನ್ನು ನೀವೇ ಯೋಚಿಸಿ.

ಒಂದೇ ವ್ಯವಸ್ಥೆ ಎಂದರೆ ಏನಲ್ಲ ಎಂಬುದನ್ನೂ ಹೇಳಬೇಕು. ಎಲ್ಲರೂ ಒಂದೇ ಎಡಿಟರ್ ಬಳಸಬೇಕು, ಒಂದೇ ಕಂಪೈಲರ್ ಬಳಸಬೇಕು ಎಂದಲ್ಲ. ಐಫೋನ್‌ನವರು ಎಕ್ಸ್‌ಕೋಡ್‌ನಲ್ಲೇ ಇರಲಿ, ಫರ್ಮ್‌ವೇರ್‌ನವರು ಚಿಪ್ ತಯಾರಕರು ಕೊಟ್ಟ ಸಾಧನದಲ್ಲೇ ಇರಲಿ. ಎಲ್ಲವೂ ಒಂದೇ ರಿಪಾಸಿಟರಿಯಲ್ಲಿ ಇರಲೇಬೇಕು ಎಂದೂ ಅಲ್ಲ. ಆಂಡ್ರಾಯ್ಡ್‌ನ ಮೂಲ ಕೋಡ್ ಇರುವುದು ನೂರಾರು ಗಿಟ್ ರಿಪಾಸಿಟರಿಗಳಲ್ಲಿ; ಯಾವ ರಿಪಾಸಿಟರಿಯ ಯಾವ ಆವೃತ್ತಿಗಳು ಸೇರಿ ಒಂದು ಆಂಡ್ರಾಯ್ಡ್ ಆಗುತ್ತದೆ ಎಂಬುದನ್ನು ಮ್ಯಾನಿಫೆಸ್ಟ್ ಎಂಬ ಕಡತ ಹೇಳುತ್ತದೆ, ಆ ಮ್ಯಾನಿಫೆಸ್ಟ್ ಕೂಡ ಗಿಟ್‌ನಲ್ಲೇ ಇರುತ್ತದೆ. ಎಕ್ಸೆಲ್ ಶೀಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಬಹಳ ದೊಡ್ಡದು: ಈ ಪಟ್ಟಿಯನ್ನು ಯಂತ್ರ ಓದುತ್ತದೆ, ಅದನ್ನು ಅನುಸರಿಸಿಯೇ ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ನಡೆಯುತ್ತದೆ, ಪಟ್ಟಿ ತಪ್ಪಾದರೆ ಅದು ಬಿಲ್ಡ್‌ನಲ್ಲೇ ಗೊತ್ತಾಗುತ್ತದೆ. ಆದರೂ ನಮ್ಮ ಉದಾಹರಣೆಯಂಥ ಸಣ್ಣ ತಂಡಕ್ಕೆ ಒಂದೇ ರಿಪಾಸಿಟರಿ ಸಾಕು ಎಂಬುದು ನನ್ನ ಅಭಿಪ್ರಾಯ. ತೇವಾಂಶದ ಬದಲಾವಣೆ ಆಗ ಒಂದೇ ಕಮಿಟ್, ಅಂದರೆ ಇತಿಹಾಸದಲ್ಲಿ ಒಂದೇ ದಾಖಲೆ, ಆಗುತ್ತದೆ; ಐದೂ ಫೋಲ್ಡರುಗಳ ಸಾಲುಗಳು ಒಟ್ಟಿಗೆ ಒಳಗೆ ಬರುತ್ತವೆ, ಬೇಡವೆಂದರೆ ಒಟ್ಟಿಗೆ ಹೊರಗೆ ಹೋಗುತ್ತವೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಂದು ಲಾಟು ಗೇಟಿನಿಂದ ಒಣಗಿಸುವ ಕಣಕ್ಕೆ, ಅಲ್ಲಿಂದ ಸಿಪ್ಪೆ ತೆಗೆಯುವ ಹಲ್ಲರಿಗೆ, ಗ್ರೇಡಿಂಗಿಗೆ ಹೋದರೂ ಲಾಟ್ ನಂಬರ್ ಬದಲಾಗುವುದಿಲ್ಲವಲ್ಲ, ಪ್ಲಾಟ್‌ಫಾರಂನಿಂದ ಪ್ಲಾಟ್‌ಫಾರಂಗೆ ಹೋದರೂ ಬದಲಾವಣೆಯ ಗುರುತು ಹಾಗೆಯೇ ಉಳಿಯಬೇಕು.

ಇನ್ನು ತೊಡಕಿನ ಭಾಗಕ್ಕೆ ಬರುತ್ತೇನೆ. ಒಂದೇ ವ್ಯವಸ್ಥೆ ತಂದ ಮೊದಲ ವಾರವೇ ತಂಡಗಳು ಬೇಸರಗೊಳ್ಳುವುದು ಸಾಮಾನ್ಯವಾಗಿ ಸಾಲಿನ ಕೊನೆಯ ಚಿಹ್ನೆಯಿಂದ. ಟೆಲಿಪ್ರಿಂಟರ್ ಕಾಲದಲ್ಲಿ ಮುದ್ರಣದ ತಲೆಯನ್ನು ಸಾಲಿನ ಆರಂಭಕ್ಕೆ ತರಲು ಒಂದು ಸಂಕೇತ, ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸಲು ಇನ್ನೊಂದು ಸಂಕೇತವಿತ್ತು. ಸಂಖ್ಯೆಯಲ್ಲಿ ಹೇಳುವುದಾದರೆ 13 ಮತ್ತು 10. ವಿಂಡೋಸ್ ಎರಡನ್ನೂ ಉಳಿಸಿಕೊಂಡಿತು. ಲಿನಕ್ಸ್ ಸೇರಿದಂತೆ ಯುನಿಕ್ಸ್ ಪರಂಪರೆಯವು 10ನ್ನು ಮಾತ್ರ ಇಟ್ಟುಕೊಂಡವು. ಮ್ಯಾಕ್‌ನ ಹಳೆಯ ವ್ಯವಸ್ಥೆ, ಮ್ಯಾಕ್ ಓಎಸ್ 9ರವರೆಗೆ, 13ನ್ನು ಮಾತ್ರ ಬಳಸುತ್ತಿತ್ತು. ಕಣ್ಣಿಗೆ ಕಾಣದ ಈ ವ್ಯತ್ಯಾಸದ ಪರಿಣಾಮ ನೋಡಿ. ವಿಂಡೋಸ್‌ನಲ್ಲಿ ಕುಳಿತವರು ಒಂದು ಸಾಲು ತಿದ್ದಿ ಉಳಿಸುತ್ತಾರೆ. ಅವರ ಎಡಿಟರ್ ಇಡೀ ಕಡತದ ಸಾಲು ಕೊನೆಗಳನ್ನು ಬದಲಿಸಿಬಿಡುತ್ತದೆ. ಸಾವಿರ ಸಾಲೂ ಬದಲಾಗಿದೆ ಎಂದು ವ್ಯವಸ್ಥೆ ತೋರಿಸುತ್ತದೆ. ನಿಜವಾಗಿ ಬದಲಾದ ಒಂದು ಸಾಲನ್ನು ಪರಿಶೀಲಿಸುವವರು ಕಾಣಲಾರರು. ಅದೇ ರೀತಿ ವಿಂಡೋಸ್‌ನಲ್ಲಿ ಉಳಿಸಿದ ಶೆಲ್ ಸ್ಕ್ರಿಪ್ಟ್ (ಆದೇಶಗಳ ಕಡತ) ಲಿನಕ್ಸ್ ಸರ್ವರಿಗೆ ಹೋದಾಗ, ಅದನ್ನು ಓಡಿಸಬೇಕಾದ ಪ್ರೋಗ್ರಾಂ, ಅಂದರೆ ಇಂಟರ್‌ಪ್ರಿಟರ್, ಯಾವುದೆಂದು ಹೇಳುವ ಮೊದಲ ಸಾಲಿನ ಕೊನೆಯಲ್ಲಿರುವ 13 ಎಂಬ ಸಂಕೇತವೂ ಪ್ರೋಗ್ರಾಂ ಹೆಸರಿನ ಭಾಗವೆಂದು ಎಣಿಕೆಯಾಗಿ, ಅಂಥ ಇಂಟರ್‌ಪ್ರಿಟರ್ ಇಲ್ಲ ಎಂಬ ದೋಷ ಬರುತ್ತದೆ. ಕಡತ ಕಣ್ಣೆದುರಿಗೇ ಇದೆ, ಸರಿಯಾಗಿಯೇ ಕಾಣುತ್ತಿದೆ, ಆದರೆ ಓಡುವುದಿಲ್ಲ. ಹೊಸಬರು ಇದರಲ್ಲಿ ಇಡೀ ದಿನ ಕಳೆಯುವುದುಂಟು.

ಇದಕ್ಕೆ ಗಿಟ್‌ನಲ್ಲಿ ಎರಡು ಬಗೆಯ ಪರಿಹಾರಗಳಿವೆ. ಒಂದು, ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿ ಆಟೋಸಿಆರ್‌ಎಲ್‌ಎಫ್ ಎಂಬ ಸೆಟ್ಟಿಂಗ್ ಇಟ್ಟುಕೊಳ್ಳುವುದು. ಎರಡು, ಗಿಟ್‌ಆಟ್ರಿಬ್ಯೂಟ್ಸ್ ಎಂಬ ಕಡತವನ್ನು ರಿಪಾಸಿಟರಿಯ ಒಳಗೇ ಇಟ್ಟು, ಯಾವುದು ಪಠ್ಯ, ಯಾವುದು ಬೈನರಿ, ಶೆಲ್ ಸ್ಕ್ರಿಪ್ಟ್‌ಗಳಿಗೆ ಯಾವ ಸಾಲು ಕೊನೆ, ವಿಂಡೋಸ್ ಬ್ಯಾಚ್ ಕಡತಗಳಿಗೆ ಯಾವುದು ಎಂದು ಅಲ್ಲೇ ಬರೆಯುವುದು. ಎರಡನೆಯದನ್ನೇ ಆರಿಸಿಕೊಳ್ಳಿ ಎಂದು ನಾನು ದೃಢವಾಗಿ ಹೇಳುತ್ತೇನೆ. ಮೊದಲನೆಯದರಲ್ಲಿ ನಿಯಮ ಇರುವುದು ಜನರ ಲ್ಯಾಪ್‌ಟಾಪುಗಳಲ್ಲಿ. ಹೊಸಬರು ಸೇರಿದಾಗ, ಲ್ಯಾಪ್‌ಟಾಪ್ ಬದಲಾದಾಗ ಅದು ಮರೆತುಹೋಗುತ್ತದೆ. ಎರಡನೆಯದರಲ್ಲಿ ನಿಯಮ ಕೋಡಿನ ಜೊತೆಗೇ ಪಯಣಿಸುತ್ತದೆ, ನಿಯಮ ಬದಲಾದರೆ ಅದಕ್ಕೂ ಇತಿಹಾಸವಿರುತ್ತದೆ. ಗಿಟ್‌ನಂಥದೇ ಇನ್ನೊಂದು ಸಾಧನವಾದ ಸಬ್‌ವರ್ಷನ್‌ನಲ್ಲಿ ಪ್ರತಿ ಕಡತಕ್ಕೆ ಹಚ್ಚುವ ಗುಣಲಕ್ಷಣದಿಂದ ಇದೇ ಕೆಲಸ ಮಾಡಬಹುದು; ಪರ್ಫೋರ್ಸ್ ಎಂಬ ಮತ್ತೊಂದರಲ್ಲಿ ಯಾವುದು ಪಠ್ಯ, ಯಾವುದು ಬೈನರಿ ಎಂದು ಟೈಪ್‌ಮ್ಯಾಪ್ ಎಂಬ ಪಟ್ಟಿಯಲ್ಲಿ ಬರೆಯಬಹುದು. ಸಾಧನ ಯಾವುದಾದರೂ ಇರಲಿ, ಪ್ಲಾಟ್‌ಫಾರಂಗಳ ವ್ಯತ್ಯಾಸವನ್ನು ಜನರ ಅಭ್ಯಾಸಕ್ಕೆ ಬಿಡದೆ ರಿಪಾಸಿಟರಿಯ ಒಳಗೆ ಬರೆದಿಡಿ. ಹಳೆಯ ಕೋಡಿಗೆ ಈ ನಿಯಮ ಅನ್ವಯಿಸುವಾಗ ಎಲ್ಲ ಬ್ರಾಂಚುಗಳನ್ನೂ (ಬೇರೆಬೇರೆಯಾಗಿ ನಡೆಯುವ ಕೆಲಸದ ಕವಲುಗಳನ್ನೂ) ಮರ್ಜ್ ಮಾಡಿ, ಅಂದರೆ ಒಂದುಗೂಡಿಸಿ, ಮುಗಿಸಿದ ದಿನ ನೋಡಿ, ಒಂದೇ ಕಮಿಟ್‌ನಲ್ಲಿ ಎಲ್ಲ ಕಡತಗಳನ್ನೂ ಸರಿಪಡಿಸಿ. ಆ ಕಮಿಟ್ ಅನ್ನು, ಪ್ರತಿ ಸಾಲನ್ನೂ ಯಾರು ಬರೆದರೆಂದು ತೋರಿಸುವ ಬ್ಲೇಮ್ ವರದಿಯಿಂದ ಹೊರಗಿಡುವ ಸೌಲಭ್ಯ 2019ರಿಂದ ಗಿಟ್‌ನಲ್ಲಿದೆ. ಇಲ್ಲದಿದ್ದರೆ ಪ್ರತಿ ಸಾಲಿನ ಕರ್ತೃವೂ ಸಾಲು ಕೊನೆ ಸರಿಪಡಿಸಿದವರೇ ಎಂದು ಕಾಣಿಸುತ್ತದೆ.

ಎರಡನೆಯ ತೊಡಕು ಕಡತಗಳ ಹೆಸರಿನದು. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳನ್ನು ಲಿನಕ್ಸ್ ಬೇರೆ ಬೇರೆ ಎಂದು ನೋಡುತ್ತದೆ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಒಂದೇ ಎಂದು ನೋಡುತ್ತವೆ. ಅಕ್ಷರದ ಗಾತ್ರದಲ್ಲಷ್ಟೇ ಭೇದವಿರುವ ಎರಡು ಕಡತಗಳನ್ನು ಲಿನಕ್ಸ್‌ನವರು ಒಂದೇ ಫೋಲ್ಡರಿನಲ್ಲಿ ಇಟ್ಟರೆ ವಿಂಡೋಸ್‌ನಲ್ಲಿ ಒಂದು ಮಾತ್ರ ಉಳಿಯುತ್ತದೆ. ಇದು ಬರೀ ಅನನುಕೂಲವಲ್ಲ, ಭದ್ರತೆಯ ವಿಷಯವೂ ಹೌದು. ಗಿಟ್ ತನ್ನ ಆಂತರಿಕ ಮಾಹಿತಿ ಇಡುವ ಫೋಲ್ಡರಿನ ಹೆಸರನ್ನೇ ಅಕ್ಷರದ ಗಾತ್ರ ಬದಲಿಸಿ ರಿಪಾಸಿಟರಿಗೆ ತುಂಬಿ, ವಿಂಡೋಸ್ ಮತ್ತು ಮ್ಯಾಕ್ ಬಳಕೆದಾರರ ಕಂಪ್ಯೂಟರಿನಲ್ಲಿ ಬೇಕಾದ ಆದೇಶ ನಡೆಸಬಹುದಾದ ದೋಷವೊಂದು 2014ರ ಡಿಸೆಂಬರಿನಲ್ಲಿ ಬಹಿರಂಗವಾಗಿ, ತುರ್ತಾಗಿ ತಿದ್ದುಪಡಿ ಬಂತು. ಎಲ್ಲ ಹೆಸರುಗಳೂ ಸಣ್ಣ ಅಕ್ಷರಗಳಲ್ಲೇ ಇರಲಿ ಎಂಬ ನಿಯಮ ಮಾಡಿ, ಅದನ್ನು ಪರೀಕ್ಷಿಸುವ ಚಿಕ್ಕ ಸ್ಕ್ರಿಪ್ಟನ್ನು ಸರ್ವರಿನಲ್ಲೇ ಇಡಿ.

ಹೆಸರಿನ ವಿಷಯದಲ್ಲಿ ಕನ್ನಡದವರಾದ ನಮಗೆ ಇನ್ನೊಂದು ತೊಡಕಿದೆ. ಸ್ವಲ್ಪ ದಾರಿ ಬಿಟ್ಟು ಹೋದರೂ ಇದನ್ನು ಹೇಳಲೇಬೇಕು. ಬೆಳೆಗಾರರ ಆ್ಯಪ್‌ಗೆ ಕನ್ನಡದ ಸಹಾಯ ಪುಟಗಳಿವೆ, ಒಬ್ಬರು ಒಂದು ಕಡತಕ್ಕೆ 'ತೋಟ' ಎಂದೇ ಹೆಸರಿಟ್ಟರು ಎನ್ನಿ. 'ತೋ'ದಲ್ಲಿರುವ ಓಕಾರದ ಚಿಹ್ನೆಯನ್ನು, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮಾನ, ಪರದೆಯ ಮೇಲೂ ಎರಡೂ ಒಂದೇ ಥರ. ಆದರೆ ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಮೊದಲನೆಯದು 3 ಬೈಟ್, ಎರಡನೆಯದು 9 ಬೈಟ್. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಎಲ್ಲ ಹೆಸರುಗಳನ್ನೂ ಬಿಡಿಸಿಯೇ ಉಳಿಸುತ್ತಿತ್ತು; ಲಿನಕ್ಸ್ ಮತ್ತು ವಿಂಡೋಸ್ ಬಂದ ಹಾಗೆಯೇ ಉಳಿಸುತ್ತವೆ. ಹೀಗಾಗಿ ಲಿನಕ್ಸ್‌ನಲ್ಲಿ ಸೇರಿಸಿದ 'ತೋಟ' ಮ್ಯಾಕ್‌ಗೆ ಹೋದಾಗ, ಹಳೆಯ ಕಡತ ಅಳಿಸಿಹೋಗಿದೆ, ಅದೇ ಹೆಸರಿನ ಹೊಸ ಕಡತ ಬಂದಿದೆ ಎಂದು ಗಿಟ್ ಹೇಳುತ್ತಿತ್ತು. ಈ ಗೊಂದಲ ತಪ್ಪಿಸುವ ಸೆಟ್ಟಿಂಗ್ 2012ರಲ್ಲಿ ಗಿಟ್‌ಗೆ ಬಂತು, 2017ರಿಂದ ಮ್ಯಾಕ್‌ನ ಕಡತ ವ್ಯವಸ್ಥೆಯೂ ಬದಲಾಯಿತು. ಆದರೂ ಕಡತದ ಒಳಗಿನ ಕನ್ನಡ ಪಠ್ಯವನ್ನು ಹುಡುಕುವಾಗ, ಹೋಲಿಸುವಾಗ ಇದೇ ಸಮಸ್ಯೆ ಇಂದಿಗೂ ಎದುರಾಗುತ್ತದೆ. ಈಕಾರ, ಏಕಾರ, ಐಕಾರ, ಒಕಾರದ ಚಿಹ್ನೆಗಳಿಗೂ ಇಂಥ ಎರಡು ರೂಪಗಳಿವೆ. ಕನ್ನಡದಲ್ಲಿ ಹೆಸರಿಡಬೇಡಿ ಎಂದು ನಾನು ಹೇಳುವುದಿಲ್ಲ. ಕೂಡಿಸಿದ ರೂಪವನ್ನೇ ಬಳಸುತ್ತೇವೆ ಎಂದು ನಿರ್ಧರಿಸಿ, ಅದನ್ನು ಯಂತ್ರದಿಂದಲೇ ಪರೀಕ್ಷಿಸಿ.

ಉಳಿದ ಸಣ್ಣಪುಟ್ಟವನ್ನು ಬೇಗ ಮುಗಿಸುತ್ತೇನೆ. ಕಾನ್, ಆಕ್ಸ್, ನಲ್, ಪಿಆರ್‌ಎನ್ ಎಂಬ ಹೆಸರುಗಳನ್ನು ವಿಂಡೋಸ್ ತನಗಾಗಿ ಕಾಯ್ದಿರಿಸಿಕೊಂಡಿರುವುದರಿಂದ ಲಿನಕ್ಸ್‌ನವರು ಆ ಹೆಸರಿನ ಕಡತ ಮಾಡಬಾರದು. ವಿಂಡೋಸ್‌ನಲ್ಲಿ ಕಡತದ ಪೂರ್ಣ ದಾರಿಗೆ ಹಿಂದಿನಿಂದ ಬಂದ 260 ಅಕ್ಷರಗಳ ಮಿತಿಯಿದೆ, ಆದ್ದರಿಂದ ಫೋಲ್ಡರೊಳಗೆ ಫೋಲ್ಡರ್ ಬೆಳೆಸುತ್ತ ಹೋಗಬೇಡಿ. ಕಡತವನ್ನು ಓಡಿಸುವ ಅನುಮತಿ ಯುನಿಕ್ಸ್‌ನಲ್ಲಿ ಮಾತ್ರ ಅರ್ಥವುಳ್ಳದ್ದು. ವಿಂಡೋಸ್‌ನಿಂದ ಸೇರಿಸಿದ ಸ್ಕ್ರಿಪ್ಟಿಗೆ ಅದನ್ನು ಗಿಟ್ ಆದೇಶದ ಮೂಲಕ ಪ್ರತ್ಯೇಕವಾಗಿ ಹಚ್ಚಬೇಕು. ಇನ್ನೊಂದು ಕಡತದತ್ತ ಬೊಟ್ಟು ಮಾಡುವ ಸಿಂಬಾಲಿಕ್ ಲಿಂಕ್‌ಗಳನ್ನು ಆದಷ್ಟು ಬಿಟ್ಟುಬಿಡಿ.

ಮೇನ್‌ಫ್ರೇಮ್ ಇರುವ ಕಡೆ ಮಾತ್ರ ಕೆಲಸ ಇನ್ನೂ ಆಳಕ್ಕೆ ಹೋಗುತ್ತದೆ. ಅಲ್ಲಿನ ಅಕ್ಷರ ಸಂಕೇತವೇ ಬೇರೆ, ಎಬ್ಸಿಡಿಕ್. ಇಂಗ್ಲಿಷಿನ ದೊಡ್ಡ ಎ ಅಕ್ಷರ ಉಳಿದ ಕಂಪ್ಯೂಟರುಗಳ ಆಸ್ಕಿ ಸಂಕೇತದಲ್ಲಿ 65 ಆದರೆ ಎಬ್ಸಿಡಿಕ್‌ನಲ್ಲಿ 193. ಅಲ್ಲಿನ ಕೋಡ್ ಇರುವುದು 80 ಕಾಲಮ್ಮುಗಳ ದಾಖಲೆಗಳಲ್ಲಿ, ಎಂಟು ಅಕ್ಷರ ಮೀರದ ಹೆಸರುಗಳಲ್ಲಿ. ಸಾಲಿನ ಉದ್ದ ಮೊದಲೇ ನಿಗದಿಯಾಗಿರುವುದರಿಂದ ಸಾಲು ಕೊನೆಯ ಚಿಹ್ನೆ ಎಂಬುದೇ ಅಲ್ಲಿ ಬೇಕಿಲ್ಲ. ಇಂಥ ಕೋಡನ್ನು ಗಿಟ್‌ಗೆ ತರುವಾಗ ರಿಪಾಸಿಟರಿಯ ಒಳಗೆ ಯುಟಿಎಫ್-8, ಮೇನ್‌ಫ್ರೇಮಿಗೆ ಇಳಿದಾಗ ಎಬ್ಸಿಡಿಕ್ ಎಂದು ಗಿಟ್‌ಆಟ್ರಿಬ್ಯೂಟ್ಸ್‌ನಲ್ಲೇ ಬರೆಯಬಹುದು. ತೊಂದರೆ ಬರುವುದು ಹಳೆಯ ಕೋಬಾಲ್‌ನಲ್ಲಿ. ಕೆಲವರು ಉದ್ಧರಣ ಚಿಹ್ನೆಗಳ ನಡುವೆ ಕಣ್ಣಿಗೆ ಕಾಣದ ಬೈಟುಗಳನ್ನು ನೇರವಾಗಿ ತುಂಬಿದ್ದಾರೆ. ಅವುಗಳಲ್ಲಿ ಯಾವುದಾದರೂ ಸಾಲು ಕೊನೆಯ ಸಂಕೇತಕ್ಕೆ ಸಮನಾದರೆ ಹೋಗಿ ಬರುವಷ್ಟರಲ್ಲಿ ಸಾಲೇ ತುಂಡಾಗುತ್ತದೆ. ಚೌಕ ಆವರಣ ಚಿಹ್ನೆಗಳು ಎಬ್ಸಿಡಿಕ್‌ನ ಒಂದೊಂದು ಕೋಡ್ ಪೇಜಿನಲ್ಲಿ (ಸಂಕೇತಗಳ ಪಟ್ಟಿಯಲ್ಲಿ) ಒಂದೊಂದು ಕಡೆ ಇರುವುದು ಇನ್ನೊಂದು ಬಲೆ. ಆದ್ದರಿಂದ ಪ್ರತಿ ಕಡತವನ್ನೂ ಗಿಟ್‌ಗೆ ತಂದು, ಮತ್ತೆ ಮೇನ್‌ಫ್ರೇಮಿಗೆ ಕಳಿಸಿ, ಮೂಲದ ಜೊತೆ ಬೈಟ್ ಬೈಟ್ ಹೋಲಿಸಿದ ಮೇಲೆಯೇ ವರ್ಗಾವಣೆ ಆಯಿತು ಎನ್ನಬೇಕು. ಇದರಲ್ಲಿ ಅವಸರ ಪಟ್ಟವರನ್ನು ಮೇನ್‌ಫ್ರೇಮಿನ ಹಿರಿಯರು ನಂಬುವುದಿಲ್ಲ. ಅವರು ನಂಬದಿರುವುದು ಸರಿಯೂ ಹೌದು.

ಯಾವ ಸಾಧನ ಆರಿಸಬೇಕು ಎಂದು ನೀವು ಕೇಳುತ್ತೀರಿ. 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ತಿರುಳಾದ ಕರ್ನಲ್ಲಿಗಾಗಿ ಆರಂಭಿಸಿದ ಗಿಟ್ ಇಂದು ಎಲ್ಲ ಪ್ಲಾಟ್‌ಫಾರಂಗಳಲ್ಲೂ ಇದೆ, ಮೇನ್‌ಫ್ರೇಮಿನಲ್ಲೂ ಇದೆ. ನಿಮ್ಮ ತಂಡಕ್ಕೆ ವಿಶೇಷ ಕಾರಣವಿಲ್ಲದಿದ್ದರೆ ಅದನ್ನೇ ತೆಗೆದುಕೊಳ್ಳಿ. ನಮ್ಮ ಮಲೆನಾಡಿಗೆ ಅದರ ಇನ್ನೊಂದು ಗುಣವೂ ಒಗ್ಗುತ್ತದೆ. ಜುಲೈ ಮಳೆಯಲ್ಲಿ ಸಕಲೇಶಪುರದ ಆಚೆ, ಮೂಡಿಗೆರೆಯ ಕಡೆ ಮನೆಯಿಂದ ಕೆಲಸ ಮಾಡುವವರಿಗೆ ಇಂಟರ್ನೆಟ್ ಹೋದರೂ ಇಡೀ ಇತಿಹಾಸ ಅವರ ಬಳಿಯೇ ಇರುತ್ತದೆ. ಕಮಿಟ್ ಮಾಡುತ್ತ ಹೋಗಿ ಸಂಪರ್ಕ ಬಂದಾಗ ಕಳಿಸಬಹುದು. ಆದರೆ ಗಿಟ್‌ಗೆ ಒಗ್ಗದ ಸಂದರ್ಭಗಳೂ ಇವೆ. ಯಂತ್ರದ ಸರ್ಕ್ಯೂಟ್ ಬೋರ್ಡಿನ ವಿನ್ಯಾಸ, ಚಿತ್ರಗಳು, ವಿಡಿಯೊಗಳಂಥ ದೊಡ್ಡ ಬೈನರಿ ಕಡತಗಳನ್ನು ಇಬ್ಬರು ತಿದ್ದಿದರೆ ಮರ್ಜ್ ಮಾಡಲಾಗದು. ಒಬ್ಬರು ತಿದ್ದುವಾಗ ಇನ್ನೊಬ್ಬರನ್ನು ತಡೆಯುವ ಬೀಗ ಬೇಕು. ಸಬ್‌ವರ್ಷನ್ ಮತ್ತು ಪರ್ಫೋರ್ಸ್‌ನಲ್ಲಿ ಅದು ಸಹಜ. ಗಿಟ್‌ಗೆ 2015ರಲ್ಲಿ ಬಂದ ಎಲ್‌ಎಫ್‌ಎಸ್ ಎಂಬ ವಿಸ್ತರಣೆ ದೊಡ್ಡ ಕಡತಗಳನ್ನು ಪ್ರತ್ಯೇಕವಾಗಿ ಇಡುತ್ತದೆ, ಬೀಗದ ಸೌಲಭ್ಯ ಅದಕ್ಕೆ ಆಮೇಲೆ ಸೇರಿತು. ಇನ್ನು ಒಂದೇ ರಿಪಾಸಿಟರಿಯ ಕೆಲವು ಫೋಲ್ಡರುಗಳನ್ನು ಕೆಲವರು ಓದಲೇಬಾರದು ಎಂದಿದ್ದರೆ ಗಿಟ್‌ನಲ್ಲಿ ಸಾಧ್ಯವಿಲ್ಲ, ರಿಪಾಸಿಟರಿಯನ್ನೇ ಬೇರೆ ಮಾಡಬೇಕು.

ಗಿಟ್ ದೊಡ್ಡ ತಂಡಕ್ಕೆ ತಡೆಯುತ್ತದೆಯೇ ಎಂಬ ಅನುಮಾನಕ್ಕೆ ಮೈಕ್ರೋಸಾಫ್ಟ್‌ನ ಅನುಭವ ಉತ್ತರವಾದೀತು. ವಿಂಡೋಸ್‌ನ ಕೋಡ್ ಮೊದಲು ಸೋರ್ಸ್ ಡಿಪೋ ಎಂಬ ಆಂತರಿಕ ವ್ಯವಸ್ಥೆಯ 40ಕ್ಕೂ ಹೆಚ್ಚು ಡಿಪೋಗಳಲ್ಲಿ ಹಂಚಿಹೋಗಿತ್ತು. 2017ರಲ್ಲಿ ಅದನ್ನು ಸುಮಾರು 35 ಲಕ್ಷ ಕಡತಗಳ, 300 ಗಿಗಾಬೈಟ್‌ನ ಒಂದೇ ಗಿಟ್ ರಿಪಾಸಿಟರಿಗೆ ತಂದರು. ಸುಮಾರು 4,000 ಎಂಜಿನಿಯರುಗಳು ಆಗ ಅದರಲ್ಲಿ ಕೆಲಸ ಮಾಡುತ್ತಿದ್ದರು. ಅದಕ್ಕಾಗಿ ಬೇಕಾದಾಗ ಮಾತ್ರ ಕಡತಗಳನ್ನು ತರಿಸಿಕೊಳ್ಳುವ ಹೊಸ ಪದರವನ್ನೇ ಅವರು ಕಟ್ಟಬೇಕಾಯಿತು ಎಂಬುದೂ ನಿಜ.

ವ್ಯವಸ್ಥೆ ಒಂದಾದ ಮೇಲೆ ಬಿಲ್ಡ್ ಕೂಡ ಅದಕ್ಕೆ ಕಟ್ಟುಬೀಳಬೇಕು. ಐಫೋನ್ ಆ್ಯಪ್ ಕಟ್ಟಲು ಮ್ಯಾಕ್ ಬೇಕೇ ಬೇಕು, ವಿಂಡೋಸ್ ಪ್ರೋಗ್ರಾಂಗೆ ವಿಂಡೋಸ್ ಯಂತ್ರ ಬೇಕು. ಬಿಲ್ಡ್‌ಗಳನ್ನು ತಾನಾಗಿಯೇ ನಡೆಸುವ ಜೆಂಕಿನ್ಸ್‌ನಂಥ ಸಾಧನದ ಅಡಿಯಲ್ಲಿ ಒಂದೊಂದು ಪ್ಲಾಟ್‌ಫಾರಂಗೆ ಒಂದೊಂದು ಬಿಲ್ಡ್ ಯಂತ್ರ ಇಡಿ. ಐದೂ ಯಂತ್ರಗಳು ಒಂದೇ ಕಮಿಟ್ ಗುರುತನ್ನು ತೆಗೆದುಕೊಂಡು ಕೆಲಸ ಆರಂಭಿಸಲಿ. ಯಾರ ಮೇಜಿನ ಮೇಲಿನ ಕಂಪ್ಯೂಟರಿನಿಂದಲೂ ಗ್ರಾಹಕರಿಗೆ ಏನೂ ಹೋಗಬಾರದು, ಎಷ್ಟೇ ತುರ್ತಿದ್ದರೂ. ಕಂಪೈಲರಿನ ಆವೃತ್ತಿ, ಬಳಸಿದ ಲೈಬ್ರರಿಗಳ ಆವೃತ್ತಿ ರಿಪಾಸಿಟರಿಯಲ್ಲೇ ಬರೆದಿರಲಿ. ಕೋಡ್ ಸಿಕ್ಕಿ ಕಂಪೈಲರ್ ಸಿಗದಿದ್ದರೆ ಆ ಫೆಬ್ರುವರಿಯ ಲೆಕ್ಕವನ್ನು ಮತ್ತೆ ಮಾಡಿ ತೋರಿಸಲಾಗದು. ಹಾಗೆಯೇ ಪ್ರತಿ ಭಾಗವೂ ತನ್ನ ಕಮಿಟ್ ಗುರುತನ್ನು ತಾನೇ ಹೇಳುವಂತಿರಲಿ: ಆ್ಯಪ್‌ನ ಮಾಹಿತಿ ಪುಟದಲ್ಲಿ, ಸರ್ವರಿನ ಲಾಗ್‌ನಲ್ಲಿ, ವೇಬ್ರಿಡ್ಜ್ ರಸೀತಿಯ ಕೆಳಗಿನ ಸಣ್ಣ ಸಾಲಿನಲ್ಲಿ, ತೇವಾಂಶ ಯಂತ್ರವನ್ನು ಚಾಲೂ ಮಾಡಿದಾಗ ಅದರ ಪುಟ್ಟ ಪರದೆಯಲ್ಲಿ. ಇದೇ ಊರಿನ ಸಾಲಗಾಮೆ ರಸ್ತೆಯಲ್ಲಿ 1982ರಿಂದ, ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ; ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಬಿಚ್ಚಿ ನೋಡಲು ಕೆಳಗಿಳಿಸಲು ಬರುವುದಿಲ್ಲ ಎಂಬುದು ಹಾಸನದವರಿಗೆ ಬೇರೆಯವರು ಹೇಳಿಕೊಡಬೇಕಾದ ವಿಷಯವಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿರುವ ತೇವಾಂಶ ಯಂತ್ರವನ್ನು ಬಿಚ್ಚಿ ನೋಡಬಹುದು ನಿಜ, ಆದರೆ ಕೊಯ್ಲಿನ ನಡುವೆ ಅದನ್ನು ಬಿಚ್ಚಲು ಯಾರೂ ಬಿಡುವುದಿಲ್ಲ.

ಕೊನೆಯದಾಗಿ, ಹಳೆಯ ವ್ಯವಸ್ಥೆಗಳಿಂದ ಹೊಸದಕ್ಕೆ ಹೋಗುವ ಮಾತು. ಎಲ್ಲ ತಂಡಗಳನ್ನೂ ಒಂದೇ ದಿನ ದಾಟಿಸಲು ಹೋಗಬೇಡಿ. ಒಂದು ಪ್ಲಾಟ್‌ಫಾರಂನಿಂದ ಆರಂಭಿಸಿ. ಎಲ್ಲಕ್ಕಿಂತ ಸುಲಭವಾದದ್ದನ್ನಲ್ಲ, ಉಳಿದವುಗಳ ಜೊತೆ ಹೆಚ್ಚು ಕೊಡುಕೊಳ್ಳುವಿಕೆ ಇರುವುದನ್ನು ಆರಿಸಿ. ನಮ್ಮ ಉದಾಹರಣೆಯಲ್ಲಿ ಅದು ಸರ್ವರ್. ನಿಯಮ ಬರೆಯುವ ಕೆಲಸ ಕಾನ್ಫಿಗರೇಶನ್ ನೋಡಿಕೊಳ್ಳುವವರೊಬ್ಬರದೇ ಆಗಬಾರದು. ಪ್ರತಿ ಪ್ಲಾಟ್‌ಫಾರಂನಿಂದ ಒಬ್ಬರು ಕುಳಿತು ಗಿಟ್‌ಆಟ್ರಿಬ್ಯೂಟ್ಸ್‌ನ ಒಂದೊಂದು ಸಾಲನ್ನೂ ಒಪ್ಪಬೇಕು, ಏಕೆಂದರೆ ತಾವು ಒಪ್ಪದ ನಿಯಮವನ್ನು ಜನ ಸುತ್ತುಬಳಸಿ ದಾಟುತ್ತಾರೆ. ಹಳೆಯ ಇತಿಹಾಸವನ್ನೆಲ್ಲ ತರಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಸ್ವಚ್ಛವಾಗಿ ಬರುವುದನ್ನು ತನ್ನಿ. ಸಬ್‌ವರ್ಷನ್‌ನಿಂದ ಇತಿಹಾಸ ಸಾಕಷ್ಟು ಚೆನ್ನಾಗಿ ಬರುತ್ತದೆ. ಹಲವು ಕಡತಗಳ ಬದಲಾವಣೆಯನ್ನು ಒಂದು ಘಟಕವಾಗಿ ಎಂದೂ ದಾಖಲಿಸದ ಸಿವಿಎಸ್, ಸೋರ್ಸ್‌ಸೇಫ್‌ಗಳಿಂದ ಬರುವುದು ಸಮಯ, ಹೆಸರು ನೋಡಿ ಊಹಿಸಿ ಕಟ್ಟಿದ ಇತಿಹಾಸ. ಅಂಥ ಕಡೆ ಗ್ರಾಹಕರಿಗೆ ಹೋದ ಬಿಡುಗಡೆಗಳನ್ನು ಮಾತ್ರ ಒಂದೊಂದು ಕಮಿಟ್ ಆಗಿ, ಟ್ಯಾಗ್ ಹಚ್ಚಿ ತನ್ನಿ. ಹಳೆಯ ಸರ್ವರಿಗೆ ಬರೆಯುವ ಅನುಮತಿಯನ್ನು ಅದೇ ದಿನ ಮುಚ್ಚಿ, ಓದುವ ಅನುಮತಿಯನ್ನು ಉಳಿಸಿ. ಆ ಕಾಲದ ಫರ್ಮ್‌ವೇರ್ ಇರುವ ಒಂದು ಯಂತ್ರವಾದರೂ ಯಾವುದಾದರೂ ಗೇಟಿನಲ್ಲಿ ಕೆಲಸ ಮಾಡುತ್ತಿರುವವರೆಗೆ ಅದು ತೆರೆದಿರಬೇಕು. ಅದರ ಬ್ಯಾಕಪ್ ಇದೆ ಎಂದುಕೊಂಡು ಬಿಡದೆ, ಬ್ಯಾಕಪ್‌ನಿಂದ ಮರಳಿ ತೆಗೆದು ಒಮ್ಮೆ ಬಿಲ್ಡ್ ಮಾಡಿ ನೋಡಬೇಕು.